ಪ್ರಾಣಾಯಾಮಕ್ಕೆ ಹುಲಿ ಹೆದರುವುದಿಲ್ಲ

ಕೊಡಗಿನಲ್ಲಿ ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲ ದಾಟಿ ಕುಟ್ಟದತ್ತ ಹೋಗುವ ರಸ್ತೆಯ ಇಕ್ಕೆಲದಲ್ಲೂ ಈಗ ಹೋಂಸ್ಟೇ ಬೋರ್ಡುಗಳು. ಹೆಸರು ಬೇರೆ ಬೇರೆ, ಮಾರುವ ಸರಕು ಒಂದೇ: ನೆಮ್ಮದಿ. ಬೆಂಗಳೂರಿನ ಕಚೇರಿಗಳಲ್ಲಿ ವಾರವಿಡೀ ಹೈರಾಣಾದವರು ಶುಕ್ರವಾರ ರಾತ್ರಿ ಕಾರು ಹತ್ತಿ, ಇನ್ನೂರೈವತ್ತು ಕಿಲೋಮೀಟರ್ ಆಸುಪಾಸು ಬಂದು, ಇರ್ಪು ಜಲಪಾತಕ್ಕೆ ತಲೆಯೊಡ್ಡಿ, ಬ್ರಹ್ಮಗಿರಿಯ ಮಂಜನ್ನು ಫೋನಿನಲ್ಲಿ ತುಂಬಿಕೊಂಡು, ಸೋಮವಾರ ಅದೇ ಕುರ್ಚಿಗೆ ಮರಳುತ್ತಾರೆ. ಬರಲಿ, ಬೇಡವೆನ್ನಲು ನಾನು ಯಾರು? ಕುಟ್ಟದ ಹಲವು ಮನೆಗಳ ಒಲೆ ಉರಿಯುವುದೇ ಅವರಿಂದ. ನನ್ನ ತಕರಾರು ಪ್ರವಾಸಿಗಳ ಮೇಲಲ್ಲ, ಈ ಇಡೀ ವ್ಯಾಪಾರವನ್ನು ಹೊತ್ತು ನಿಂತಿರುವ ಒಂದು ನಂಬಿಕೆಯ ಮೇಲೆ. ಕೆಲಸದ ಒತ್ತಡ ಎನ್ನುವುದು ಕೆಲಸ ಮಾಡುವವನ ಮನಸ್ಸಿನೊಳಗೆ ಹುಟ್ಟುವ ವಸ್ತು, ಅದನ್ನು ಅವನೇ ನಿಭಾಯಿಸಿಕೊಳ್ಳಬೇಕು, ನಿಭಾಯಿಸಲು ಬಾರದಿದ್ದರೆ ಕಲಿಸಿಕೊಡಬೇಕು ಎಂಬುದೇ ಆ ನಂಬಿಕೆ.

ಖಂಡಿಸುವ ಮೊದಲು ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಬೇಕು ಎಂಬುದು ನಮ್ಮ ಕಡೆಯ ಹಳೆಯ ಶಿಸ್ತು. ಹಾಗಾಗಿ ಪೂರ್ವಪಕ್ಷ ಹೀಗಿದೆ. ಒಂದೇ ಕಚೇರಿ, ಒಂದೇ ಮೇಲಧಿಕಾರಿ, ಒಂದೇ ಗಡುವು. ಒಬ್ಬ ನಗುತ್ತಾ ಕೆಲಸ ಮುಗಿಸುತ್ತಾನೆ, ಇನ್ನೊಬ್ಬ ರಾತ್ರಿ ನಿದ್ದೆಗೆಟ್ಟು ಕೂರುತ್ತಾನೆ. ಹೊರಗಿನದೆಲ್ಲ ಸಮನಾಗಿರುವಾಗ ವ್ಯತ್ಯಾಸ ಒಳಗಿನದೇ ಇರಬೇಕಲ್ಲವೇ? ಎರಡನೆಯದಾಗಿ, ಜಗತ್ತನ್ನು ಇವತ್ತೇ ಬದಲಾಯಿಸಲು ಆಗುವುದಿಲ್ಲ. ಉಸಿರಾಟವನ್ನು ಇವತ್ತೇ ಬದಲಾಯಿಸಬಹುದು. ಮೂರನೆಯದು, ಧ್ಯಾನ ಮಾಡಿದವರ ರಕ್ತದೊತ್ತಡ ಇಳಿದದ್ದನ್ನು ವೈದ್ಯರೇ ಅಳೆದು ನೋಡಿದ್ದಾರೆ. ಸಾಕ್ಷಿ ಇರುವ ಮದ್ದನ್ನು ಬೇಡವೆನ್ನುವುದು ಮೊಂಡುತನವಲ್ಲವೇ?

ವಾದ ಚೆನ್ನಾಗಿದೆ. ಅದಕ್ಕೇ ಅದು ಎಲ್ಲೆಡೆ ನಡೆಯುತ್ತಿದೆ. 2024ರ ಜುಲೈಯಲ್ಲಿ ಪುಣೆಯ ಒಂದು ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ 26 ವರ್ಷದ ಯುವತಿ ತೀರಿಕೊಂಡಳು. ಕೆಲಸದ ಹೊರೆಯೇ ಮಗಳನ್ನು ತಿಂದಿತು ಎಂದು ತಾಯಿ ಬರೆದ ಪತ್ರ ಸೆಪ್ಟೆಂಬರ್‌ನಲ್ಲಿ ದೇಶವಿಡೀ ಓಡಾಡಿತು. ಅದರ ಬೆನ್ನಿಗೇ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಚೆನ್ನೈನ ಸಮಾರಂಭವೊಂದರಲ್ಲಿ ಆ ಪ್ರಸಂಗ ಎತ್ತಿ, ಒತ್ತಡ ತಾಳಿಕೊಳ್ಳುವ ಒಳಶಕ್ತಿಯನ್ನು ಮಕ್ಕಳಿಗೆ ಮನೆಯಲ್ಲೇ ಕಲಿಸಬೇಕು, ಆ ಶಕ್ತಿ ಬರುವುದು ದೈವದಿಂದ ಎಂಬ ಅರ್ಥದ ಮಾತಾಡಿದರು. ಮಾತು ವಿವಾದವಾಯಿತು. ಆದರೆ ಸಚಿವೆ ಹೇಳಿದ್ದು ತೀರಾ ವಿಚಿತ್ರವಾದ ಮಾತೇನಲ್ಲ. ದೊಡ್ಡ ಕಂಪನಿಗಳ ಸಿಬ್ಬಂದಿ ವಿಭಾಗಗಳು ದೇವರನ್ನು ಬಿಟ್ಟು ಉಳಿದದ್ದನ್ನೆಲ್ಲ ಅದೇ ಧಾಟಿಯಲ್ಲಿ ದಿನವೂ ಹೇಳುತ್ತಿವೆ. ಸಚಿವೆ ಮುಚ್ಚುಮರೆ ಇಲ್ಲದೆ ಹೇಳಿದರು, ಅಷ್ಟೇ.

ಈ ವಾದವನ್ನು ಅದರ ಊರಾದ ಬೆಂಗಳೂರಿನಲ್ಲಿ ಎದುರಿಸುವುದಕ್ಕಿಂತ ಕುಟ್ಟಕ್ಕೆ ಕರೆತಂದು ನಿಲ್ಲಿಸಿ ನೋಡುವುದು ಮೇಲು. ಕಚೇರಿಯಲ್ಲಿ ಒತ್ತಡ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಅದು ಮನಸ್ಸಿನದು ಎಂದು ನಂಬಿಸುವುದು ಸುಲಭ. ಕುಟ್ಟದ ಕಾಫಿ ತೋಟದಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಕೆಲವೊಮ್ಮೆ ಅದಕ್ಕೆ ಪಟ್ಟೆಗಳೂ ಇರುತ್ತವೆ.

2023ರ ಫೆಬ್ರವರಿ, ರೊಬಸ್ಟಾ ಕೊಯ್ಲಿನ ಕಾಲ. ಕುಟ್ಟದ ಬಳಿ ಕೆ. ಬಾಡಗ ಗ್ರಾಮದ ಚೂರಿಕಾಡು ಎಂಬಲ್ಲಿ, ಹುಣಸೂರು ತಾಲ್ಲೂಕಿನಿಂದ ಕಾಫಿ ಕೊಯ್ಯಲು ಬಂದಿದ್ದ ಕುಟುಂಬದ ಹದಿಹರೆಯದ ಹುಡುಗನೊಬ್ಬನನ್ನು ಹುಲಿ ಕೊಂದಿತು. ಒಂದು ದಿನ ಕಳೆಯುವುದರೊಳಗೆ ಅವರದೇ ಬಂಧುವಾದ ಹಿರಿಯರೊಬ್ಬರನ್ನೂ ಕೊಂದಿತು. ಊರವರು ರಸ್ತೆಗಿಳಿದರು, ಅರಣ್ಯ ಇಲಾಖೆ ಸಾಕಾನೆಗಳನ್ನೂ ಅರಿವಳಿಕೆ ಕೋವಿಯನ್ನೂ ತಂದು ಹುಲಿಯನ್ನು ಹಿಡಿಯಿತು. ಪತ್ರಿಕೆಗಳಿಗೆ ಅಲ್ಲಿಗೆ ಕತೆ ಮುಗಿಯಿತು. ಪಕ್ಕದ ತೋಟಗಳ ಕೆಲಸಗಾರರಿಗೆ ಮುಗಿಯುವುದು ಸಾಧ್ಯವಿರಲಿಲ್ಲ. ಹಣ್ಣು ಗಿಡದಲ್ಲೇ ಇತ್ತು. ಫೆಬ್ರವರಿ ಕೊನೆಯೊಳಗೆ ಕೊಯ್ದು ಮುಗಿಸದಿದ್ದರೆ ಹೂಮಳೆ ಬಿದ್ದು ಹಣ್ಣಿನ ಪಕ್ಕದಲ್ಲೇ ಹೂ ಅರಳುತ್ತದೆ, ಆಗ ಕೈ ಹಾಕಿದರೆ ಮುಂದಿನ ವರ್ಷದ ಫಸಲೂ ಹಾಳು. ಮಾಲೀಕನಿಗೆ ಅವಸರ. ಕೊಯ್ಲಿನ ಕೂಲಿ ಕಿಲೋ ಲೆಕ್ಕದಲ್ಲಿರುವುದರಿಂದ ಕೆಲಸಗಾರರಿಗೂ ಅವಸರ. ತೋಟದ ಗಿಡಗಳ ನಡುವೆ ಬಗ್ಗಿ, ಕಣ್ಣು ಹಣ್ಣಿನ ಮೇಲಿಟ್ಟು, ಕಿವಿ ಬೆನ್ನ ಹಿಂದಿಟ್ಟು ದಿನವಿಡೀ ಕೊಯ್ಯುವವಳ ಎದೆಬಡಿತ ಏರಿದ್ದರೆ ಅದು ಅವಳ ಮನೋದೌರ್ಬಲ್ಯವೇ?

ಅಂಥ ಹೆಂಗಸಿಗೆ ಮೂಗಿನ ಒಂದು ಹೊಳ್ಳೆಯಲ್ಲಿ ಉಸಿರೆಳೆದು ಇನ್ನೊಂದರಲ್ಲಿ ಬಿಡಲು ಕಲಿಸುತ್ತೇನೆ ಎಂದು ಯಾರಾದರೂ ಹೊರಟರೆ ಕುಟ್ಟದ ಪೇಟೆಯಲ್ಲಿ ಜನ ನಗುತ್ತಾರೆ. ಆ ಹೆದರಿಕೆ ಅವಳನ್ನು ಬದುಕಿಸಿಟ್ಟಿರುವ ಎಚ್ಚರ ಎಂದು ಅವರಿಗೆ ಗೊತ್ತು. ಅವಳಿಗೆ ಬೇಕಾದದ್ದು ಬೇರೆ: ಕಾಡಂಚಿನ ಬ್ಲಾಕಿಗೆ ಒಬ್ಬೊಬ್ಬರನ್ನೇ ಬಿಡದ ಮೇಸ್ತ್ರಿ, ಮಂಜು ಕರಗಿದ ಮೇಲೆ ಶುರುವಾಗುವ ಹಾಜರಿ, ಕೆಲಸಗಾರರು ವಾಸಿಸುವ ಲೈನ್ ಮನೆಯಿಂದ ತೋಟಕ್ಕೆ ಜೀಪು, ಆನೆ ಇಳಿದಿದೆ ಎಂಬ ಸುದ್ದಿ ಬಂದ ದಿನ ಮನೆಯಲ್ಲಿ ಕೂತರೂ ಸಿಗುವ ಕೂಲಿ. ಇವುಗಳಲ್ಲಿ ಒಂದೂ ಅವಳ ತಲೆಯೊಳಗಿಲ್ಲ. ಎಲ್ಲವೂ ಕೆಲಸದ ಏರ್ಪಾಡಿನಲ್ಲಿವೆ, ಮತ್ತು ಆ ಏರ್ಪಾಡು ಬೇರೆಯವರ ಕೈಯಲ್ಲಿದೆ.

ಇಷ್ಟನ್ನು ಒಪ್ಪಿಕೊಂಡವರು ತಕ್ಷಣ ಹೇಳುವುದು: ಸರಿಯಪ್ಪ, ಹುಲಿಯ ವಿಷಯ ಬೇರೆ, ಕಚೇರಿಯಲ್ಲಿ ಹುಲಿ ಇಲ್ಲವಲ್ಲ. ಇಲ್ಲಿಯೇ ನಾನು ಪಟ್ಟು ಹಿಡಿಯುವುದು. ಕಚೇರಿಯ ಒತ್ತಡವೂ ಇದೇ ಜಾತಿಯದು. ಲಂಡನ್ನಿನ ಸರ್ಕಾರಿ ಕಚೇರಿಗಳ ಹದಿನೆಂಟು ಸಾವಿರದಷ್ಟು ಗಂಡಸು ನೌಕರರನ್ನು 1967ರಿಂದ ವರ್ಷಗಟ್ಟಲೆ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನ ಪ್ರಸಿದ್ಧವಾದದ್ದು. ದೊಡ್ಡ ಜವಾಬ್ದಾರಿ ಹೊತ್ತ ಮೇಲಧಿಕಾರಿಗಳ ಹೃದಯವೇ ಮೊದಲು ಕೈಕೊಡುತ್ತದೆ ಎಂದು ಅಂದಿನವರು ನಂಬಿದ್ದರು. ಕಂಡದ್ದು ತಿರುಗುಮುರುಗು. ಅತಿ ಕೆಳಗಿನ ದರ್ಜೆಯವರು, ಕಡತ ಹೊರುವವರು, ಬಾಗಿಲು ಕಾಯುವವರು ಹೃದ್ರೋಗದಿಂದ ಸಾಯುವ ಪ್ರಮಾಣ ಅತಿ ಮೇಲಿನವರದಕ್ಕಿಂತ ಸುಮಾರು ಮೂರು ಪಟ್ಟು. ಬೀಡಿ ಸಿಗರೇಟು, ಕೊಬ್ಬು, ರಕ್ತದೊತ್ತಡ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಅಂತರದ ದೊಡ್ಡ ಪಾಲು ಹಾಗೇ ಉಳಿಯಿತು. ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಕೆಲಸದ ಒತ್ತಡಕ್ಕೊಂದು ಸೂತ್ರ ಕೊಟ್ಟ: ಕೆಲಸ ಹೆಚ್ಚಿರುವುದಷ್ಟೇ ಮನುಷ್ಯನನ್ನು ಮುರಿಯುವುದಿಲ್ಲ, ಕೆಲಸ ಹೆಚ್ಚಿದ್ದು, ಅದನ್ನು ಯಾವಾಗ ಹೇಗೆ ಮಾಡಬೇಕೆಂಬ ತೀರ್ಮಾನ ತನ್ನ ಕೈಯಲ್ಲಿ ಇಲ್ಲದಿದ್ದಾಗ ಮುರಿಯುತ್ತದೆ. ಕುಟ್ಟದ ತೋಟದಲ್ಲಿ ಕೊಯ್ಯುವವಳಂತೆ ಮಾಲೀಕನೂ ಕೊಯ್ಲಿನ ಕಾಲದಲ್ಲಿ ಬೆಳಗಿನ ನಾಲ್ಕಕ್ಕೆ ಏಳುತ್ತಾನೆ, ಕಣದಲ್ಲಿ ರಾತ್ರಿ ಹತ್ತರ ತನಕ ನಿಲ್ಲುತ್ತಾನೆ. ದಣಿವು ಇಬ್ಬರದೂ ದಣಿವೇ. ಆದರೆ ಅವನು ನಾಳೆ ಕೊಯ್ಲು ಬೇಡವೆಂದರೆ ಬೇಡ. ಅವಳು ಬೇಡವೆಂದರೆ ಹಾಜರಿ ಪುಸ್ತಕದಲ್ಲಿ ಒಂದು ಸೊನ್ನೆ.

ತೋಟದ ಮನೆಗಳ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತವರ ಬಾಯಲ್ಲಿ ತೋಟದ ಆದಿವಾಸಿ ಕೆಲಸಗಾರರ ಬಗ್ಗೆ ಆಗಾಗ ಕೇಳುವ ಮಾತೊಂದಿದೆ: “ಈ ಯರವರಿಗೆ, ಕುರುಬರಿಗೆ ಏನು ಟೆನ್ಷನ್ ಹೇಳಿ? ಸಂಜೆ ಕುಡಿದು ಮಲಗಿದರೆ ಮುಗೀತು. ಟೆನ್ಷನ್ ಎಲ್ಲ ನಮಗೆ.” ಪೂರ್ವಪಕ್ಷದ ಅತ್ಯಂತ ಒರಟು ರೂಪ ಇದು. ಒಮ್ಮೆ ಒತ್ತಡವನ್ನು ಮನಸ್ಸಿನ ವ್ಯವಹಾರ ಮಾಡಿಬಿಟ್ಟರೆ, ಅದನ್ನು ಬಾಯಿಬಿಟ್ಟು ವರ್ಣಿಸಲು ಬರುವವರಿಗೆ ಮಾತ್ರ ಒತ್ತಡ ಇರುತ್ತದೆ. ಸಲಹೆಗಾರರ ಬಳಿ ಹೋಗಿ ಹೇಳಿಕೊಳ್ಳಲು ಭಾಷೆ, ಹಣ, ರಜೆ ಮೂರೂ ಇದ್ದವನಿಗೆ ಅದು ಒತ್ತಡ. ಇಲ್ಲದವನಿಗೆ ಅದು ಕುಡಿತ, ಸೋಮಾರಿತನ, ಹೇಳದೆ ಕೆಲಸ ಬಿಟ್ಟುಹೋಗುವ ಚಾಳಿ.

ಕುಡಿತದ ಬಗ್ಗೆ ಸ್ವಲ್ಪ ನಿಲ್ಲಬೇಕು. ಲೈನ್ ಮನೆಗಳಲ್ಲಿ ಕುಡಿತ ಇದೆ, ಅದು ಮನೆಗಳನ್ನು ಹಾಳುಮಾಡುತ್ತಿದೆ, ಹೆಂಗಸರು ಹೊಡೆತ ತಿನ್ನುತ್ತಿದ್ದಾರೆ. ಇದನ್ನು ಮುಚ್ಚಿಟ್ಟು ಬಡವರ ಪರ ವಾದಿಸುವವರ ಸಾಲಿನಲ್ಲಿ ನಾನಿಲ್ಲ. ಆದರೆ ಕೆಲಸದ ಕಷ್ಟವನ್ನು ಕೆಲಸದ ಜಾಗದಲ್ಲಿ ಮುಟ್ಟದೆ, ಸಂಜೆ ಮನೆಗೆ ಹೋಗಿ ತನ್ನೊಳಗೇ ಇಳಿಸಿಕೊಳ್ಳುವ ಉಪಾಯ ಎಂದು ನೋಡಿದರೆ ಕ್ವಾರ್ಟರ್ ಬಾಟಲಿಗೂ ಫೋನಿನ ಧ್ಯಾನದ ಆ್ಯಪಿಗೂ ಮಾಡುವ ಕೆಲಸ ಒಂದೇ. ಆರೋಗ್ಯದ ಮಟ್ಟಿಗೆ ಆ್ಯಪ್ ಸಾವಿರ ಪಾಲು ವಾಸಿ. ಯಜಮಾನನ ಮಟ್ಟಿಗೆ ಎರಡರಿಂದಲೂ ಸಮಾನ ಲಾಭ: ಮರುದಿನ ಬೆಳಿಗ್ಗೆ ಏನೂ ಬದಲಾಗಿರುವುದಿಲ್ಲ.

ಕೆಲಸ ಬಿಟ್ಟುಹೋಗುವುದೂ ಸುಲಭವಲ್ಲ, ಅದಕ್ಕೊಂದು ಹಳೆಯ ಕತೆಯಿದೆ. ಕುಟ್ಟದಿಂದ ತೋಲ್ಪೆಟ್ಟಿ ಗಡಿ ದಾಟಿ ವಯನಾಡಿಗೆ ಇಳಿದರೆ ಮಾನಂದವಾಡಿ. ಅದರ ಹತ್ತಿರದ ವಳ್ಳಿಯೂರ್‌ಕಾವು ಭಗವತಿಯ ಜಾತ್ರೆಯಲ್ಲಿ ಹಿಂದೆ ಜಮೀನುದಾರರು ಪಣಿಯ, ಅಡಿಯ ಆದಿವಾಸಿ ಕುಟುಂಬಗಳಿಗೆ ಒಂದಿಷ್ಟು ಹಣ ಕೊಟ್ಟು ಇಡೀ ವರ್ಷದ ದುಡಿಮೆಗೆ ಗೊತ್ತು ಮಾಡಿಕೊಳ್ಳುತ್ತಿದ್ದರು. ಅಡಿಯರೆಂದು ಅಲ್ಲಿ ಕರೆಸಿಕೊಳ್ಳುವವರೇ ಕೊಡಗಿನಲ್ಲಿ ಯರವರು. 1975ರ ಸುಗ್ರೀವಾಜ್ಞೆ, 1976ರ ಕಾಯ್ದೆ ಜೀತವನ್ನು ನಿಷೇಧಿಸಿದವು. ಜಾತ್ರೆಯ ಆ ವ್ಯವಹಾರ ನಿಂತಿತು. ಮುಂಗಡ ಎಂಬ ಹಗ್ಗ ಪೂರ್ತಿ ಹರಿಯಲಿಲ್ಲ. ಮದುವೆಗೆ, ಸಾವಿಗೆ, ಆಸ್ಪತ್ರೆಗೆ ಸಾವ್ಕಾರ್ರ ಹತ್ತಿರ ತೆಗೆದುಕೊಂಡ ದುಡ್ಡು ರೈಟರ ಪುಸ್ತಕದಲ್ಲಿ ಬೆಳೆಯುತ್ತದೆ. ವಾಸದ ಮನೆಯೂ ತೋಟದ್ದೇ ಆದ್ದರಿಂದ ಕೆಲಸ ಬಿಡುವುದೆಂದರೆ ಸೂರು ಬಿಡುವುದು. ಐ.ಟಿ. ನೌಕರನಿಗೆ ಮನೆಸಾಲದ ಕಂತು ಹೇಗೋ ಇವರಿಗೆ ಇದು ಹಾಗೆ ಎನ್ನಬಹುದೇ? ಪೂರ್ತಿ ಅಲ್ಲ, ಅವನಿಗೆ ಬ್ಯಾಂಕು ಬೇರೆ, ಮಾಲೀಕ ಬೇರೆ. ಇಲ್ಲಿ ಕೂಲಿ ಕೊಡುವವನು, ಸಾಲ ಕೊಟ್ಟವನು, ಮನೆ ಕೊಟ್ಟವನು ಒಬ್ಬನೇ.

ಈ ಸೀಮೆಯವರೇ ಕಟ್ಟಿಕೊಂಡಿರುವ ಒಂದು ಒತ್ತಡ ನಿವಾರಣಾ ಶಿಬಿರವೂ ಇದೆ. ಹೊರಗಿನವರು ಅದನ್ನು ವಿಚಿತ್ರ ಹಬ್ಬ ಎಂದು ಫೋಟೋ ತೆಗೆಯುತ್ತಾರೆ. ತಿತಿಮತಿ ಬಳಿಯ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬ. ಯರವರು, ಜೇನುಕುರುಬರು ಮತ್ತಿತರ ಆದಿವಾಸಿಗಳು ವೇಷ ಹಾಕುತ್ತಾರೆ, ಗಂಡಸರು ಸೀರೆ ಉಡುತ್ತಾರೆ, ಡಬ್ಬ ಬಕೆಟ್ಟು ಬಡಿಯುತ್ತಾ ಗೋಣಿಕೊಪ್ಪ, ಪೊನ್ನಂಪೇಟೆಯ ರಸ್ತೆಗಳಲ್ಲಿ ಕಾರು ಬಸ್ಸು ನಿಲ್ಲಿಸಿ, ಮನೆಮನೆ ಅಂಗಳಕ್ಕೆ ನುಗ್ಗಿ, ಬಾಯಿಗೆ ಬಂದದ್ದನ್ನು ಬೈದು ಕಾಸು ಕೇಳುತ್ತಾರೆ. ಬೇಟೆಗೆಂದು ಕಾಡಿಗೆ ಕರೆತಂದು ನಡುವಿನಲ್ಲೇ ಭದ್ರಕಾಳಿಯ ಹಿಂದೆ ಹೊರಟುಹೋದ ಅಯ್ಯಪ್ಪನ ಮೇಲೆ ಅವರ ಸಿಟ್ಟು ಎಂಬುದು ಐತಿಹ್ಯ. ಬೈಗುಳಕ್ಕೆ ದೇವರೂ ಹೊರತಲ್ಲ, ಸಾವ್ಕಾರ್ರೂ ಹೊರತಲ್ಲ. ಬೈಸಿಕೊಂಡವರು ನಗಬೇಕು, ಕಾಸು ಕೊಡಬೇಕು.

ಆ ಹಬ್ಬಕ್ಕೆ ಭಕ್ತಿಯೂ ಇದೆ, ಹರಕೆಯೂ ಇದೆ, ನಾನು ಹೇಳುವುದಕ್ಕಿಂತ ಎಷ್ಟೋ ಹೆಚ್ಚಿನ ಅರ್ಥಗಳಿವೆ. ಅದನ್ನು ಬರಿಯ ಸಿಟ್ಟಿನ ತೂಬು ಮಾಡಿಬಿಡುವ ಉದ್ದೇಶ ನನಗಿಲ್ಲ. ಆದರೆ ಯಜಮಾನರ ಕಡೆಯಿಂದ ನೋಡಿದರೆ ವರ್ಷಕ್ಕೊಮ್ಮೆ ಬೈಸಿಕೊಳ್ಳುವುದು ಬಹಳ ಅಗ್ಗದ ವ್ಯವಹಾರ. ಹಬ್ಬ ಕಳೆದ ಮೇಲೆ ಹಾಜರಿ ಎಂದಿನಂತೆ. ಕಂಪನಿಗಳು ವರ್ಷಕ್ಕೊಮ್ಮೆ ನೌಕರರನ್ನು ರೆಸಾರ್ಟಿಗೆ ಕರೆತಂದು, ಬೆಂಕಿ ಹಾಕಿ, ಮ್ಯಾನೇಜರನನ್ನು ಅಣಕಿಸಿ ನಾಟಕ ಆಡಲು ಬಿಡುವುದುಂಟು. ಕುಂಡೆ ಹಬ್ಬಕ್ಕಾದರೂ ದೇವರ ಮೇಲೆ ಬಾಯಿಮಾಡುವಷ್ಟು ಧೈರ್ಯವಿದೆ. ಕಂಪನಿಯ ನಾಟಕದಲ್ಲಿ ಮ್ಯಾನೇಜರನ ಉಡುಗೆ, ಅವನ ಇಂಗ್ಲಿಷು ಇವುಗಳಿಂದಾಚೆಗೆ ಅಣಕ ಹೋಗುವುದಿಲ್ಲ. ಅವನು ಇಟ್ಟ ಗುರಿಯ ಸಂಖ್ಯೆಯನ್ನು ಯಾರೂ ಅಣಕಿಸುವುದಿಲ್ಲ.

ನೆಮ್ಮದಿಯ ವ್ಯಾಪಾರದಲ್ಲೇ ದುಡಿಯುವವರ ಗತಿ ನೋಡಿ. ಅತಿಥಿಗಳು ರಾತ್ರಿ ಒಂದರ ತನಕ ಬೆಂಕಿಯ ಸುತ್ತ ಕೂತಿರುತ್ತಾರೆ, ಆದ್ದರಿಂದ ಹೋಂಸ್ಟೇ ಹುಡುಗನೂ ಒಂದರ ತನಕ ಎದ್ದಿರುತ್ತಾನೆ. ಅವರಲ್ಲಿ ಇಬ್ಬರಿಗೆ ನಾಣಚ್ಚಿ ಗೇಟಿನಿಂದ ಬೆಳಗಿನ ಸಫಾರಿಗೆ ಹೋಗಬೇಕು, ಹಾಗಾಗಿ ನಾಲ್ಕೂವರೆಗೆ ಬಿಸಿನೀರು. ಶನಿವಾರ ಭಾನುವಾರ ಅವನಿಗೆ ರಜೆ ಎಂಬ ಕಲ್ಪನೆಯೇ ಇಲ್ಲ, ಅವರ ರಜೆಯೇ ಅವನ ಪಾಳಿ. ಬೆಂಗಳೂರಿನಲ್ಲಿ ಇಳಿಸಲಾಗದ ಹೊರೆಯನ್ನು ಕುಟ್ಟದ ಹುಡುಗನ ಬೆನ್ನಿಗೆ ವರ್ಗಾಯಿಸಿದ್ದಾಯಿತು. ಈ ವರ್ಗಾವಣೆ ಒಮ್ಮೆ ನ್ಯಾಯಾಲಯದ ತನಕ ಹೋದದ್ದೂ ಉಂಟು. ನಾಗರಹೊಳೆಯ ಕಾಡಿನೊಳಗೆ ಮೂರ್ಕಲ್ಲಿನಲ್ಲಿ ತಾಜ್ ಸಮೂಹದ ರೆಸಾರ್ಟು ಏಳತೊಡಗಿದಾಗ, ತಾವು ಹುಟ್ಟಿದ ಹಾಡಿಗಳಿಂದ ತಮ್ಮನ್ನು ಹೊರಹಾಕಿ ಇವರಿಗೆ ಜಾಗ ಕೊಡುವುದೇ ಎಂದು ಆದಿವಾಸಿಗಳು ಎದ್ದು ನಿಂತರು. 1997ರಲ್ಲಿ ಕರ್ನಾಟಕ ಹೈಕೋರ್ಟು ಆ ಗುತ್ತಿಗೆ ಕಾನೂನುಬಾಹಿರ ಎಂದಿತು. ಯೋಜನೆ ಬಿದ್ದುಹೋಯಿತು. ಆ ಆದಿವಾಸಿಗಳು ಒತ್ತಡ ನಿಭಾಯಿಸಿದ್ದು ಹೀಗೆ.

ಈಗ ಪೂರ್ವಪಕ್ಷದ ಮೊದಲನೆಯ ವಾದಕ್ಕೆ ಬರುತ್ತೇನೆ. ಅದೇ ಅತಿ ಬಲವಾದದ್ದು. ಒಂದೇ ಕೆಲಸದಲ್ಲಿ ಒಬ್ಬ ಮುರಿಯುತ್ತಾನೆ, ಇನ್ನೊಬ್ಬ ಮುರಿಯುವುದಿಲ್ಲ, ಏಕೆ? ಕುಟ್ಟದಲ್ಲಿ ಇದಕ್ಕೆ ಉತ್ತರ ಹುಡುಕಲು ಮನಶ್ಶಾಸ್ತ್ರ ಬೇಕಿಲ್ಲ. ಒಂದೇ ತೋಟದ ಇಬ್ಬರಲ್ಲಿ ಒಬ್ಬನಿಗೆ ಹಾಡಿಯಲ್ಲಿ ಸ್ವಂತದ ಅರ್ಧ ಎಕರೆ ಇದೆ, ಹೆಂಡತಿಗೆ ಅಂಗನವಾಡಿಯಲ್ಲಿ ಕೆಲಸವಿದೆ, ಮುಂಗಡ ತೀರಿದೆ. ಮೇಸ್ತ್ರಿ ಬೈದರೆ ಅವನು ಮರುದಿನ ಬೆಳಿಗ್ಗೆ ಮಾನಂದವಾಡಿ ಬಸ್ಸು ಹತ್ತುತ್ತಾನೆ. ಕೇರಳದಲ್ಲಿ ಕೂಲಿ ಇಲ್ಲಿಗಿಂತ ಎಷ್ಟೋ ಹೆಚ್ಚು ಎಂಬುದು ಗಡಿಯ ಎರಡೂ ಕಡೆ ಗೊತ್ತಿರುವ ಸಂಗತಿ. ಇನ್ನೊಬ್ಬನಿಗೆ ಇದೊಂದೂ ಇಲ್ಲ. ಮೊದಲನೆಯವನ ಶಾಂತ ಮುಖ ನೋಡಿ ಎಷ್ಟು ಸ್ಥಿತಪ್ರಜ್ಞ ಎಂದು ಮೆಚ್ಚುವವರು ಅವನ ಜೇಬಿನಲ್ಲಿರುವ ಬಸ್ಸಿನ ದುಡ್ಡನ್ನು ನೋಡಿರುವುದಿಲ್ಲ. ಕಚೇರಿಗಳಲ್ಲೂ ಹೀಗೆಯೇ. ನಗುತ್ತಾ ಕೆಲಸ ಮಾಡುವವನ ಅಪ್ಪನಿಗೆ ಜಯನಗರದಲ್ಲಿ ಮನೆ ಇದೆಯೇ, ಕೈಯಲ್ಲಿ ಇನ್ನೊಂದು ಕಂಪನಿಯ ಕರೆ ಇದೆಯೇ ಎಂದು ವಿಚಾರಿಸಿ ನೋಡಿ. ಸ್ವಭಾವದ ವ್ಯತ್ಯಾಸ ಇಲ್ಲವೇ ಇಲ್ಲ ಎನ್ನಲಾರೆ, ಇದೆ. ಆದರೆ ಹೊರಗಿನದೆಲ್ಲ ಸಮನಾಗಿದೆ ಎಂದು ಶುರುವಾಗುವ ವಾದದಲ್ಲಿ ಆ ಸಮವನ್ನು ಯಾರೂ ಅಳೆದಿರುವುದಿಲ್ಲ.

ಮೂರನೆಯ ವಾದ, ಅಂದರೆ ಸಾಕ್ಷಿಯ ವಾದ, ಇನ್ನೂ ಬೇಗ ಮುಗಿಯುತ್ತದೆ. ಧ್ಯಾನ ಮಾಡಿದವನಿಗೆ ಹಾಯೆನಿಸುತ್ತದೆ, ನಿಜ. ಆದರೆ ಕಂಪನಿಗಳು ಹಾಕಿಕೊಡುವ ಇಂಥ ಕಾರ್ಯಕ್ರಮಗಳಿಂದ ಕೆಲಸಗಾರರಿಗೆ ಗುಣವಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದರು. ಒತ್ತಡ ನಿರ್ವಹಣೆಯ ತರಬೇತಿ, ಧ್ಯಾನ, ಆ್ಯಪುಗಳು ಇವುಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ಮೇಲಾಗಿರಲಿಲ್ಲ. ಅಲ್ಲಿ ಒಂದಿಷ್ಟು ಫಲ ಕಂಡದ್ದು ದಾನಧರ್ಮದ ಸ್ವಯಂಸೇವೆಯಲ್ಲಿ ಮಾತ್ರ. ಇನ್ನೊಂದು ಕಡೆ, ಏರ್ಪಾಡೇ ಕೊಲ್ಲುತ್ತದೆ ಎಂಬುದಕ್ಕೆ ಲೆಕ್ಕ ಬಲವಾಗಿಯೇ ಇದೆ: ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚಿನ ದುಡಿಮೆಯಿಂದ ಬಂದ ಪಾರ್ಶ್ವವಾಯು, ಹೃದ್ರೋಗಗಳಿಗೆ 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಬಲಿಯಾದವರು ಸುಮಾರು 7,45,000 ಮಂದಿ. ಇಷ್ಟಿದ್ದೂ 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸ್ಥಾಪಕ ನಾರಾಯಣ ಮೂರ್ತಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈಯಲ್ಲಿ ಐ.ಟಿ. ನೌಕರರ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾವ ನಮ್ಮದೇ ರಾಜ್ಯ ಸರ್ಕಾರದ ಮುಂದೆ ಬಂತು. ಐ.ಟಿ. ನೌಕರರ ಸಂಘ ಬೀದಿಗಿಳಿದ ಮೇಲೆ ಅದು ಮುಂದೆ ಸಾಗಲಿಲ್ಲ. ಆ ಸಂಘದ ಒಂದು ಪ್ರತಿಭಟನೆ ಎಷ್ಟು ಜನರ ನಿದ್ದೆ ಉಳಿಸಿತು ಎಂಬುದನ್ನು ಯಾವ ಧ್ಯಾನ ಶಿಬಿರದ ಜೊತೆ ಬೇಕಾದರೂ ಹೋಲಿಸಿ ನೋಡಬಹುದು.

ಎರಡನೆಯ ವಾದ ಉಳಿದಿದೆ: ಜಗತ್ತನ್ನು ಬದಲಿಸಲು ಆಗುವುದಿಲ್ಲ. ಆಗುತ್ತದೆ, ಮೊನ್ನೆಮೊನ್ನೆ ಆಗಿದೆ. 2025ರ ಆರಂಭದಲ್ಲಿ ಕಿರುಸಾಲದ ಕಂಪನಿಗಳ ವಸೂಲಿಗಾರರ ಕಾಟಕ್ಕೆ ಕರ್ನಾಟಕದ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, ಕೆಲವರು ಜೀವ ಬಿಟ್ಟರು. ತೋಟದ ಹೆಂಗಸರಿಗೆ ವಾರದ ಕಂತು ಏನೆಂದು ಹೇಳಿಕೊಡಬೇಕಿಲ್ಲ. ಆ ದಿನ ಹತ್ತಿರ ಬಂದಂತೆ ಅವರ ಮಾತೇ ಕಡಿಮೆಯಾಗುತ್ತದೆ. ಆಗ ಸರ್ಕಾರ ಏನು ಮಾಡಿತು? ಸಾಲಗಾರರಿಗೆ ಸಹನೆಯ ಶಿಬಿರ ನಡೆಸಿತೇ? ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು ವಸೂಲಿಗಾರನ ಕೈ ಕಟ್ಟಿತು, ಬಲವಂತದ ವಸೂಲಿಗೆ ಜೈಲು ಎಂದಿತು. ಅದು ಎಷ್ಟು ಜಾರಿಯಾಗಿದೆ ಎಂಬ ಜಗಳ ಇರಲಿ. ಸಾಲದ ಒತ್ತಡ ಬಂದಾಗ ನಾವು ಸರಿಯಾಗಿಯೇ ಹೊರಗೆ ನೋಡಿದೆವು, ಹಿಂಸಿಸುವವನನ್ನು ಹಿಡಿದೆವು. ಕೆಲಸದ ಒತ್ತಡ ಬಂದಾಗ ಮಾತ್ರ ಹಿಂಸೆಗೊಳಗಾದವನ ಬೆನ್ನು ನೇರ ಮಾಡಿಸಿ ಕಣ್ಣು ಮುಚ್ಚಿಸುತ್ತೇವೆ.

ಕೆಲಸದ ಏರ್ಪಾಡಿಗೂ ಕಾನೂನುಗಳಿಲ್ಲದಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಕುಡಿಯುವ ನೀರು, ವೈದ್ಯ, ಕೂಸಿನ ಮನೆ, ಕೆಲಸದ ಗಂಟೆ ಎಲ್ಲವನ್ನೂ ಬರೆದಿಟ್ಟಿತು. 2020ರ ಕಾರ್ಮಿಕ ಸುರಕ್ಷತಾ ಸಂಹಿತೆ ಅದನ್ನು ಇತರ ಹತ್ತಾರು ಕಾನೂನುಗಳ ಜೊತೆ ತನ್ನೊಳಗೆ ಸೇರಿಸಿಕೊಂಡಿತು. ಆದರೆ ಆ ಕಾಯ್ದೆ ಹಿಡಿದದ್ದು 5 ಹೆಕ್ಟೇರಿಗೆ ಕಡಿಮೆಯಿಲ್ಲದ, 15 ಜನಕ್ಕೆ ಕಡಿಮೆಯಿಲ್ಲದ ತೋಟಗಳನ್ನು. ಕೊಡಗಿನ ಬಹುಪಾಲು ಬೆಳೆಗಾರರು ಸಣ್ಣ ಹಿಡುವಳಿಯವರು. ಅವರ ಕೆಲಸಗಾರರು ಕಾನೂನಿನ ಬೇಲಿಯ ಹೊರಗೆ ನಿಂತರು. ಲೈನ್ ಮನೆ ಬಿಟ್ಟರೆ ಕಾಲೂರಲು ನೆಲವಿಲ್ಲದವರು ಏನು ಮಾಡುತ್ತಾರೆ ಎಂಬುದು 2016ರಲ್ಲಿ ಗೊತ್ತಾಯಿತು. ಮಾಲ್ದಾರೆ ಬಳಿಯ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಕುಟುಂಬಗಳು ಗುಡಿಸಲು ಹಾಕಿಕೊಂಡಿದ್ದವು, ಅವುಗಳಲ್ಲಿ ಬಹಳಷ್ಟು ಲೈನ್ ಮನೆಗಳಿಂದ ಹೊರಬಂದಂಥವು. ಡಿಸೆಂಬರ್‌ನಲ್ಲಿ ಅರಣ್ಯ ಇಲಾಖೆ ಆ ಗುಡಿಸಲುಗಳನ್ನು ಕಿತ್ತುಹಾಕಿತು. ಜನ ಅಲ್ಲೇ ಕೂತರು, ಹೋರಾಟ ರಾಜಧಾನಿಯನ್ನು ಮುಟ್ಟಿತು, ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನಿವೇಶನ ಸಿಕ್ಕಿತು. ಸಿಕ್ಕ ಜಾಗ ಅವರು ಕೇಳಿದ ಜಾಗವಲ್ಲ ಎಂಬ ಅಸಮಾಧಾನ ಹಾಗೇ ಉಳಿಯಿತು. ಆದರೂ ಲೈನ್ ಮನೆಯ ಹಂಗಿಲ್ಲದೆ ಬೆಳಿಗ್ಗೆ ಎಂಥ ಕೆಲಸಕ್ಕೆ ಹೋಗಬೇಕೆಂದು ತಾನೇ ತೀರ್ಮಾನಿಸುವ ಮನುಷ್ಯನ ನಿದ್ದೆ ಬೇರೆ ರೀತಿಯದು.

ಬೆಳೆಗಾರರ ಆಕ್ಷೇಪ ನನಗೆ ಗೊತ್ತಿದೆ. ನನ್ನ ನೆರೆಹೊರೆಯವರೇ ಹೇಳುತ್ತಾರೆ. “ಆನೆ ನಮ್ಮ ತೋಟವನ್ನೂ ತುಳಿಯುತ್ತದೆ, ಹುಲಿ ನಮ್ಮ ದನವನ್ನೂ ಹಿಡಿಯುತ್ತದೆ, ಕೂಲಿಗೆ ಜನ ಸಿಗದೆ ಅಸ್ಸಾಮಿನಿಂದ ಕರೆಸುತ್ತಿದ್ದೇವೆ, ಇನ್ನು ಕೂತ ದಿನಕ್ಕೂ ಕೂಲಿ ಕೊಡು ಎನ್ನುತ್ತೀರಾ?” ಹೌದು, ಸಣ್ಣ ಬೆಳೆಗಾರನ ಸಂಕಟ ಸಣ್ಣದಲ್ಲ, ಕಾಡಿನ ಪ್ರಾಣಿಯ ಹೊಣೆ ಅವನೊಬ್ಬನದೂ ಅಲ್ಲ. ಅದಕ್ಕೇ ಆನೆ ಇಳಿದ ದಿನದ ಹಾಜರಿಯನ್ನು ಅವನ ತಲೆಗೆ ಕಟ್ಟದೆ ಅರಣ್ಯ ಇಲಾಖೆಯ ಬೆಳೆ ಪರಿಹಾರದ ಜೊತೆಗೇ ಕೂಲಿ ಪರಿಹಾರ ಎಂದು ಸರ್ಕಾರ ಕೊಡಬೇಕು ಎನ್ನುತ್ತೇನೆ. ಗಿಡ ಮುರಿದರೆ ದರ ಕಟ್ಟುವ ಇಲಾಖೆಗೆ ಕಳೆದುಹೋದ ದಿನಕ್ಕೆ ದರ ಕಟ್ಟಲು ಬಾರದೇ? ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆ ಈಗಾಗಲೇ ಇದೆ, ಅಂದರೆ ಯಾವ ದಿನ, ಯಾವ ಊರು ಎಂಬ ದಾಖಲೆಯೂ ಸರ್ಕಾರದ ಬಳಿಯೇ ಇದೆ. ಬೆಳಗಿನ ಹಾಜರಿಯನ್ನು ಕಾಡಂಚಿನ ಊರುಗಳಲ್ಲಿ ಒಂದು ಗಂಟೆ ತಡಮಾಡಲು ಮಾತ್ರ ಸರ್ಕಾರ ಬೇಕಿಲ್ಲ. ಅದು ಬೆಳೆಗಾರರೇ ಕೂತು ಒಂದು ಸಂಜೆಯಲ್ಲಿ ತೀರ್ಮಾನಿಸಬಹುದಾದದ್ದು. ರೊಬಸ್ಟಾ ಚೆರಿಯ 50 ಕಿಲೋ ಚೀಲದ ಬೆಲೆ ಕೆಲವೇ ವರ್ಷಗಳಲ್ಲಿ ಎರಡು ಪಟ್ಟನ್ನೂ ಮೀರಿ ಏರಿದ ಕಾಲದಲ್ಲಿ ಆ ಒಂದು ಗಂಟೆ ಕೈಗೆಟುಕದ ಐಷಾರಾಮವೇನಲ್ಲ. ಬೆಲೆ ಬಿದ್ದ ಮೇಲೆ ಈ ಮಾತು ಎತ್ತಿದರೆ ಕೇಳುವವರು ಇರುವುದಿಲ್ಲ, ಹಾಗಾಗಿ ಮುಂದಿನ ಕೊಯ್ಲು ಶುರುವಾಗುವ ಮೊದಲೇ ಎತ್ತುತ್ತಿದ್ದೇನೆ.